ವಾಲಗದವರನ್ನು ಕೇಳಿ ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಇಬ್ಬರು ಓದುಗರ ಪತ್ರ ನೋಡಿದೆ. ಕೋಟಿಗಟ್ಟಲೆ ಜನ ಯೂಟ್ಯೂಬಿನಲ್ಲಿ ಕೇಳಿದ ಹಾಡು ದೊಡ್ಡದಲ್ಲದೆ ಇನ್ನೇನು ಅಂತ ಒಬ್ಬರು. ಐವತ್ತು ವರ್ಷ ಉಳಿದರೆ ಮಾತ್ರ ಸಂಗೀತ, ಮಿಕ್ಕಿದ್ದೆಲ್ಲ ಗಲಾಟೆ ಅಂತ ಇನ್ನೊಬ್ಬರು. ಅವರು ತಲೆ ಎಣಿಸುತ್ತಾರೆ, ಇವರು ವರ್ಷ ಎಣಿಸುತ್ತಾರೆ. ಹಾಡಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಕಳೆದ ತಿಂಗಳು ಮಂಡ್ಯದಲ್ಲಿ ನಮ್ಮ ಅಕ್ಕನ ಮಗಳ ಮದುವೆ. ಮೂರನೇ ಪಂಕ್ತಿಗೆ ಕಾಯುತ್ತಾ ವಾಲಗದವರ ಪಕ್ಕ ಸುಮ್ನೆ ಕೂತಿದ್ದೆ. ನಾದಸ್ವರದ ಯಜಮಾನರು ಪೀಪಿ ಬಿಚ್ಚಿ ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ಗಂಡಿನ ಕಡೆಯ ನಾಲ್ಕೈದು ಹುಡುಗರು ಬಂದು, ಮೊಬೈಲನ್ನು ಅವರ ಕಿವಿಗೇ ಹಿಡಿದು, ಇದನ್ನ ಊದಲೇಬೇಕು ಅಂತ ಹಠ ಮಾಡಿದರು. ಯಜಮಾನರು ಎರಡು ಸಲ ಕೇಳಿಸಿಕೊಂಡರು, ಊದಿಯೇ ಬಿಟ್ಟರು. ಡೋಲಿನವನಿಗೂ ಖುಷಿ. ಹೋದ ವರ್ಷ ಎಲ್ಲ ಮದುವೆಯಲ್ಲೂ ಊದಿಸಿದ ಹಾಡನ್ನು ಈ ಸಲ ಯಾರಾದರೂ ಕೇಳಿದರಾ ಅಂದೆ.

"ಯಾವ್ದು ಸ್ವಾಮಿ? ಮರ್ತೇ ಹೋಯ್ತು. ವರ್ಷಕ್ಕೊಂದು ಕಲೀತೀವಿ, ವರ್ಷಕ್ಕೊಂದು ಬಿಡ್ತೀವಿ. ಬೇಜಾರೇನಿಲ್ಲ, ಅದೂ ಅನ್ನ ಹಾಕ್ತದೆ."

ಬಿಡದೇ ಇರೋದು ಯಾವುದು ಅಂತ ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳಲಿಲ್ಲ. ಪೀಪಿ ಸಿಕ್ಕಿಸಿ ಖಮಾಚ್ ರಾಗದ 'ಬ್ರೋಚೇವಾರೆವರುರಾ' ಶುರು ಮಾಡಿದರು. ಹೋಳಿಗೆ ಬಡಿಸುತ್ತಿದ್ದ ಅಡುಗೆಯವನು ತಟ್ಟೆ ಹಿಡಿದುಕೊಂಡೇ ಗುನುಗಿದ. ಅದು ನಮ್ಮ ಮೈಸೂರು ವಾಸುದೇವಾಚಾರ್ಯರ ಕೃತಿ. ಅವರು ತೀರಿಕೊಂಡಿದ್ದು 1961ರಲ್ಲಿ. ಅಡುಗೆಯವನಿಗೆ ಅದೆಲ್ಲ ಗೊತ್ತಿಲ್ಲ, ಕೇಳಿದರೆ "ಶಂಕರಾಭರಣಂ ಪಿಕ್ಚರ್‌ದು ಅಲ್ವಾ" ಅಂದ. ಕಚೇರಿಯ ಕೃತಿಯನ್ನು ಅಡುಗೆಮನೆಗೆ ಮುಟ್ಟಿಸಿದ್ದು ಸಿನಿಮಾ. ಅಂದಮೇಲೆ ಜನಪ್ರಿಯತೆಯನ್ನು ಹೇಗೆ ಬೈಯೋದು? ಆದರೆ ಸಿನಿಮಾದಿಂದಲೇ ಉಳಿಯಿತು ಅನ್ನೋ ಹಾಗೂ ಇಲ್ಲ, ಅದೇ ಕಾಲದ ಎಷ್ಟೋ ಪಿಕ್ಚರ್‌ಗಳ ಹಾಡು ಈಗ ಯಾರ ಬಾಯಲ್ಲೂ ಇಲ್ಲ. ಕೇಳಿದವನಿಗೆ ಕೈಯಲ್ಲಿ ಹೋಳಿಗೆ ಇದ್ದರೂ ತಾನೂ ಹಾಡಬೇಕು ಅನ್ನಿಸಿತಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡದು.

ಐವತ್ತು ವರ್ಷದ ಲೆಕ್ಕದಲ್ಲೂ ಸ್ವಲ್ಪ ಮೋಸ ಇದೆ. ರಷ್ಯಾದ ಪಿಯಾನೋ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದಾಗ ನಮ್ಮ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ದುಡ್ಡು ಕೊಟ್ಟು ಅವರದೇ ಕೈಯಲ್ಲಿ ನುಡಿಸಿ ರೆಕಾರ್ಡ್ ಮಾಡಿಸಿದರು. 1951ರಲ್ಲಿ ಮೆಟ್ನರ್ ಹೋದರು, ರೆಕಾರ್ಡು ಉಳಿಯಿತು. ಮಹಾರಾಜರು ಕಿವಿಗೊಡದ ಇನ್ನೆಷ್ಟು ಜನ ಹೇಳಹೆಸರಿಲ್ಲದೆ ಹೋದರೋ!

ಮಳವಳ್ಳಿ ಕಡೆ ನೀಲಗಾರರು ತಂಬೂರಿ ಮೀಟುತ್ತಾ ಬೆಳಗಿನವರೆಗೂ ಮಂಟೇಸ್ವಾಮಿ ಕಥೆ ಹಾಡುವುದನ್ನು ಕೇಳಿದ್ದೀರಾ? ಪುಸ್ತಕ ನೋಡಿಕೊಂಡು ಹಾಡುವುದಲ್ಲ, ಅಪ್ಪನ ಬಾಯಿಂದ ಮಗನ ಬಾಯಿಗೆ ಬಂದದ್ದು. ಕೇಳುವವರಲ್ಲಿ ಅರ್ಧ ಜನ ಕಂಬಳಿ ಹೊದ್ದು ತೂಕಡಿಸುತ್ತಿರುತ್ತಾರೆ, ಮತ್ತೆ ಮತ್ತೆ ಬರುವ ಸೊಲ್ಲು ಬಂದಾಗ ಮಾತ್ರ ನಿದ್ದೆಗಣ್ಣಲ್ಲೇ ದನಿ ಸೇರಿಸುತ್ತಾರೆ. ನಾಳೆ ಮಗ ಕೆಲಸಕ್ಕೆ ಅಂತ ಬೆಂಗಳೂರು ಸೇರಿಕೊಂಡರೆ ಆ ಮನೆಯ ಹಾಡು ಅಲ್ಲಿಗೇ ನಿಂತೀತು. ಆಗ ಅದು ಸಣ್ಣ ಸಂಗೀತ ಆಗಿಬಿಡುತ್ತದಾ?

ಅಂದಹಾಗೆ, ಆ ಹುಡುಗರ ಹಾಡು ಮೂರು ದಿನ ನನ್ನ ಬಾಯಲ್ಲೂ ಇತ್ತು, ಬಚ್ಚಲಲ್ಲಿ ಜೋರಾಗಿಯೇ. ನಾಲ್ಕನೇ ದಿನ ನೆನಪು ಮಾಡಿಕೊಂಡರೆ ಪಲ್ಲವಿಯೇ ಬರಲಿಲ್ಲ. ಮುಂದಿನ ಮದುವೆ ಫೆಬ್ರವರಿಯಲ್ಲಿದೆ, ಅದೇ ವಾಲಗದವರಿಗೆ ಅಡ್ವಾನ್ಸ್ ಕೊಟ್ಟಿದ್ದೇವೆ.

ನಿಮ್ಮ ಓದುಗ,
ಮಂಡ್ಯ