ದೂರು: ಶಾಬಾದ್ ಕಲ್ಲಿಗೆ ಆಸಿಡ್ ಸುರಿದ ನಿಮ್ಮ ‘ನುರಿತ ಸ್ಥಳೀಯ’ ಕೆಲಸಗಾರರ ಬಗ್ಗೆ

ಕಲಬುರಗಿ
24 ಜೂನ್ 2024

ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ,
ಬೆಂಗಳೂರು ಕಚೇರಿ

ವಿಷಯ: ಮೇ 4 ಮತ್ತು 5ರಂದು ನಮ್ಮ ಮನೆಯಲ್ಲಿ ಕೆಡಿಸಿದ ನೆಲ ಮತ್ತು ಮಾಳಿಗೆ ಕೆಲಸ, ರೊಕ್ಕ ವಾಪಸ್ ಕೊಟ್ಟು ನಷ್ಟ ತುಂಬಿಕೊಡುವ ಬಗ್ಗೆ

ಮಾನ್ಯರೇ,

ಇದು ನಾನು ನಿಮಗೆ ಕೊಡುತ್ತಿರುವ ಐದನೇ ದೂರು. ಮೊದಲಿನ ನಾಲ್ಕನ್ನು ನಿಮ್ಮ ಆ್ಯಪ್‌ನ ಚಾಟ್‌ನಲ್ಲಿ ಟೈಪ್ ಮಾಡಿದ್ದೆ. ನಾಲ್ಕಕ್ಕೂ ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಅಂತಲೇ ಉತ್ತರ ಶುರುವಾಯಿತು. ಮಾರನೇ ದಿನ ದೂರು ‘ಬಗೆಹರಿದಿದೆ’ ಎಂದು ಮುಚ್ಚಿಹೋಯಿತು. ಅದಕ್ಕೇ ಈ ಸಲ ಕಾಗದದ ಮೇಲೆ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಲಕೋಟೆ ಒಡೆಯಲಿಕ್ಕಾದರೂ ಒಬ್ಬ ಮನುಷ್ಯ ಬೇಕಲ್ವಾ.

ನಮ್ಮದು ಸೇಡಂ ರಸ್ತೆ ಕಡೆಯ ಹಳೇ ಮನೆ. 1978ರಲ್ಲಿ ನಮ್ಮ ಅಪ್ಪ ಕಟ್ಟಿಸಿದ್ದು. ಹಾಲ್ ಮತ್ತು ಪಡಸಾಲೆಗೆ ಶಾಬಾದ್ ಪರ್ಸಿ, ಅಂದರೆ ಶಾಬಾದ್ ಕಲ್ಲಿನ ಚಪ್ಪಡಿ, ಹಾಸಿದೆ. ಮಾಳಿಗೆ ಎರಡು ವರ್ಷದಿಂದ ಒಂದು ಮೂಲೆಯಲ್ಲಿ ಸೋರುತ್ತಿತ್ತು. ನೆಲವೂ ಮಂಕಾಗಿತ್ತು. ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಇವೆರಡನ್ನೂ ಸರಿಮಾಡಿಸೋಣ ಎಂದು ಕೈಹಾಕಿದೆ.

ಈ ಊರಲ್ಲಿ ಸಣ್ಣ ಕೆಲಸಕ್ಕೆ ಒಳ್ಳೇ ಗೌಂಡಿ (ಗಾರೆ ಕೆಲಸದವರು) ಸಿಗುವುದು ಎಷ್ಟು ಕಷ್ಟ ಅನ್ನುವುದು ನಿಮಗೆ ಗೊತ್ತೇ ಇದೆ. ಅದೇ ಕಷ್ಟದ ಮೇಲೆ ನಿಮ್ಮ ವ್ಯಾಪಾರ ನಿಂತಿದೆ. ನಮ್ಮ ಹಳೇ ಗೌಂಡಿ ಮಕ್ಕಳ ಜೊತೆ ಪುಣೆಗೆ ಹೋಗಿ ಎಷ್ಟೋ ವರ್ಷವಾಯಿತು. ಒಬ್ಬರು ಬಂದು ನೋಡಿ, ‘ಎರಡು ದಿನದ ಕೆಲಸಕ್ಕೆ ಆಳು ಹೊಂದಿಸುವುದು ಆಗುವುದಿಲ್ಲ’ ಎಂದು ಹೋದರು. ಹೊಸ ಲೇಔಟ್‌ಗಳಲ್ಲಿ ಅವರಿಗೆ ವರ್ಷಗಟ್ಟಲೆ ಕೆಲಸ ಇದೆ, ತಪ್ಪು ಅನ್ನುವ ಹಾಗಿಲ್ಲ. ಇನ್ನೊಬ್ಬರು ಎರಡು ಸಾವಿರ ಅಡ್ವಾನ್ಸ್ ಒಯ್ದರು, ಆಮೇಲೆ ಫೋನ್ ಸ್ವಿಚ್ ಆಫ್. ಆಗ ನನ್ನ ತಂಗಿಯ ಮಗ ನಿಮ್ಮ ಆ್ಯಪ್ ತೋರಿಸಿದ. ‘ನಿಮ್ಮ ಊರಿನ ನುರಿತ, ಪರಿಶೀಲಿಸಿದ ಕೆಲಸಗಾರರು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೇ ಊರಿನ ಹೆಸರು ‘ಗುಲಬರ್ಗಾ’ ಅಂತ ಇತ್ತು. 2014ರ ನವೆಂಬರ್ 1ಕ್ಕೇ ಈ ಊರು ಕಲಬುರಗಿ ಆಗಿದೆ. ನನಗೆ ಆಗಲೇ ಹೊಳೆಯಬೇಕಿತ್ತು.

ನಿಮ್ಮ ಲೆಕ್ಕ ಹೀಗಿತ್ತು: 240 ಚದರಡಿ ನೆಲ ಸ್ವಚ್ಛ ಮಾಡಿ ಪಾಲಿಶ್ ಮಾಡಲು ಚದರಡಿಗೆ 45 ರೂಪಾಯಿ, 600 ಚದರಡಿ ಮಾಳಿಗೆಗೆ ವಾಟರ್‌ಪ್ರೂಫಿಂಗ್ ಮಾಡಲು 28 ರೂಪಾಯಿ. ಶೇ 18 ಜಿಎಸ್‌ಟಿ ಸೇರಿ ಒಟ್ಟು 32,568 ರೂಪಾಯಿ. ಪೂರ್ತಿ ಕಟ್ಟಿದ್ದೇನೆ.

ಶನಿವಾರ ಮುಂಜಾನೆ ಇಬ್ಬರು ಹುಡುಗರು ಬಂದರು. ಒಳ್ಳೇ ಹುಡುಗರು, ಅವರ ಮೇಲೆ ನನ್ನ ತಕರಾರಿಲ್ಲ. ಚಹಾ ಕೊಡುವಾಗ ಮಾತಾಡಿಸಿದೆ. ಈ ಊರಿಗೆ ಬಂದು ಹನ್ನೊಂದು ದಿನವಾಗಿತ್ತಂತೆ. ಅದಕ್ಕೆ ಮುಂಚೆ ಬೇರೆ ಊರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬಾತ್‌ರೂಮ್ ಟೈಲ್ಸ್ ತೊಳೆಯುವ ಕೆಲಸ. ಹೊರಗಿನವರು ಅನ್ನುವುದು ನನಗೆ ಮುಖ್ಯವೇ ಅಲ್ಲ, ಎಲ್ಲಿಂದಲೋ ಬಂದು ನಮಗಿಂತ ಚೆನ್ನಾಗಿ ಕೆಲಸ ಮಾಡುವವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರ ಕಾಲ ಕೆಳಗಿನ ಕಲ್ಲು ಯಾವುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೇಳಬೇಕಾದವರು ನೀವು. ನೀವು ಹೇಳದಿದ್ದನ್ನು ಈಗ ನಾನು ಹೇಳುತ್ತೇನೆ. ಶಾಬಾದ್ ಕಲ್ಲು ಸುಣ್ಣದ ಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳಲ್ಲಿ ಪದರ ಪದರವಾಗಿ ಏಳುತ್ತದೆ. ಇಲ್ಲಿನ ಸುಣ್ಣದ ಕಲ್ಲನ್ನೇ ಸುಟ್ಟು ವಾಡಿ, ಮಳಖೇಡದಲ್ಲಿ ಸಿಮೆಂಟ್ ಮಾಡುತ್ತಾರೆ. ಸುಣ್ಣಕ್ಕೂ ಹುಳಿಗೂ ಆಗಿಬರುವುದಿಲ್ಲ. ಚಿಕ್ಕವರಿದ್ದಾಗ ಹುಣಸೆಹಣ್ಣಿನ ಕೈ ನೆಲಕ್ಕೆ ಒರೆಸಿದರೆ ಅವ್ವ ಬೈಯುತ್ತಿದ್ದಳು. ನಿಂಬೆರಸ ಚೆಲ್ಲಿದರೆ ಆ ಜಾಗ ಮಾಸಿ ಹಾಗೇ ಉಳಿಯುತ್ತಿತ್ತು. ಬಾತ್‌ರೂಮಿನ ಟೈಲ್ಸ್ ಮೇಲೆ ಗಾಜಿನಂಥ ಲೇಪ ಇರುತ್ತದೆ, ಅದು ಆಸಿಡ್ ತಡೆಯುತ್ತದೆ. ಈ ಕಲ್ಲಿಗೆ ಆ ರಕ್ಷಣೆ ಇಲ್ಲ. ನಿಮ್ಮ ಹುಡುಗರು ಎರಡು ಕ್ಯಾನ್ ಬಾತ್‌ರೂಮ್ ಆಸಿಡ್ ಸುರಿದರು. ನೆಲವೆಲ್ಲ ಬುಸುಬುಸು ನೊರೆ ಎದ್ದಿತು. ‘ನೋಡಿ ಅಮ್ಮಾ, ಎಷ್ಟು ಕೊಳೆ ಬಿಡ್ತಿದೆ’ ಎಂದು ಅವರು ಹಿಂದಿಯಲ್ಲಿ ಖುಷಿಯಿಂದ ಹೇಳಿದರು. ಕೊಳೆಯಲ್ಲ, ಕಲ್ಲೇ ಕರಗುತ್ತಿತ್ತು.

ನಾನು ಅಡ್ಡಬರಲಿಲ್ಲ. ಕಂಪನಿಯವರಿಗೆ ನನಗಿಂತ ಜಾಸ್ತಿ ಗೊತ್ತಿರುತ್ತದೆ ಅಂದುಕೊಂಡೆ. ಈ ಒಂದು ತಪ್ಪನ್ನು ನಾನೂ ಒಪ್ಪುತ್ತೇನೆ.

ನೀರು ಹಾಕಿ ತೊಳೆದಾಗ ನೆಲ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಒದ್ದೆ ಕಲ್ಲು ಯಾವಾಗಲೂ ಚೆನ್ನಾಗೇ ಕಾಣುತ್ತದೆ. ಅದರ ಮೇಲೇ ನಿಂತು ಆ ಹುಡುಗ ಫೋನ್ ಮುಂದೆ ಹಿಡಿದ. ‘ಅಮ್ಮಾ, ಐದು ಸ್ಟಾರ್ ಕೊಡಿ, ಕಮ್ಮಿ ಆದರೆ ನಮ್ಮ ದುಡ್ಡು ಕತ್ತರಿಸುತ್ತಾರೆ’ ಎಂದ. ಕೊಟ್ಟೆ. ರಾತ್ರಿ ಒಣಗಿದ ಮೇಲೆ ನೋಡಿದರೆ ನೆಲಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಕೈಯಾಡಿಸಿದರೆ ಮರಳು ಕಾಗದದಂತೆ ಗರಗರ. ಈಗ ನೀವು ಅದೇ ಐದು ಸ್ಟಾರ್ ತೋರಿಸಿ ‘ಗ್ರಾಹಕರು ತೃಪ್ತರಾಗಿದ್ದರು’ ಎನ್ನುತ್ತೀರಿ. ಆ ಸ್ಟಾರ್ ಒದ್ದೆ ನೆಲಕ್ಕೆ ಕೊಟ್ಟದ್ದು, ಮತ್ತೆ ಒಬ್ಬ ಹುಡುಗನ ಹೊಟ್ಟೆಗೆ ಕೊಟ್ಟದ್ದು.

ಮಾಳಿಗೆಯದ್ದು ಜಾಸ್ತಿ ಹೇಳುವುದಿಲ್ಲ. ಬಿಸಿಲು 42 ದಾಟುತ್ತಿದ್ದ ದಿನಗಳು, ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ಎರಡೂ ಕೋಟ್ ಬಳಿದು ಮುಗಿಸಿದರು. ಧೂಳು ಗುಡಿಸಲಿಲ್ಲ, ಬಿರುಕು ಬಿಡಿಸಿ ತುಂಬಲಿಲ್ಲ, ಒಂದು ದಿನ ನೀರು ನಿಲ್ಲಿಸಿ ಪರೀಕ್ಷೆ ಮಾಡಲಿಲ್ಲ. ವಾರದಲ್ಲೇ ಬಳಿದದ್ದು ಹಪ್ಪಳದಂತೆ ಎದ್ದಿತು. ಜೂನ್ 9ರ ಮಳೆಗೆ ಮೊದಲು ಒಂದು ಮೂಲೆ ಸೋರುತ್ತಿದ್ದದ್ದು ಈಗ ಮೂರು ಕಡೆ ಸೋರಿತು. ಅದಕ್ಕೆ ನಿಮ್ಮ ಉತ್ತರ, ‘30 ದಿನದ ವಾರಂಟಿ ಮುಗಿದಿದೆ’. ಕಲಬುರಗಿಯ ಮುಖ್ಯ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್. ಮೇ 5ಕ್ಕೆ ಮಾಳಿಗೆ ಬಳಿದು ಜೂನ್ 4ಕ್ಕೆ ವಾರಂಟಿ ಮುಗಿಸುವುದು ಅಂದರೆ ಬಿಸಿಲಿಗೆ ಛತ್ರಿ ಕೊಟ್ಟು ಮಳೆಗೆ ಕಸಿದುಕೊಂಡ ಹಾಗೆ. ನೆಲದ ದೂರನ್ನಂತೂ ನಾನು ಮೇ 6ಕ್ಕೇ ಕೊಟ್ಟಿದ್ದೆ. ‘ಚುನಾವಣೆ ಇದೆ, ಆಳುಗಳು ಊರಿಗೆ ಹೋಗಿದ್ದಾರೆ’ ಎಂದಿರಿ. ಇಲ್ಲಿ ಮೇ 7ಕ್ಕೆ ಮತದಾನ ಮುಗಿಯಿತು. ಇವತ್ತಿನವರೆಗೆ ಯಾರೂ ಬಂದಿಲ್ಲ.

ಕೊನೆಗೆ ಸರಿಯಾದವರು ಸಿಕ್ಕಿದ್ದು ಹಾಲು ಹಾಕುವವರ ಬಾಯಿಂದ. ನಮ್ಮ ಮನೆಯಿಂದ ಎರಡು ಓಣಿ ಆಚೆ ಇರುವ ಹಿರಿಯ ಗೌಂಡಿ. ಸ್ಮಾರ್ಟ್‌ಫೋನ್ ಇಲ್ಲ, ಹಾಗಾಗಿ ನಿಮ್ಮ ಆ್ಯಪ್‌ನಲ್ಲಿ ಅವರು ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರೇ ನಿಂತುಬಿಟ್ಟರು. ‘ಅಕ್ಕಾರ, ಸುಣ್ಣದ ಕಲ್ಲಿಗಿ ಯಾರ್ರೀ ಆಸಿಡ್ ಹಾಕ್ಯಾರ?’ ಅಂದರು. ಬಗ್ಗಿ ನೋಡಿಯೂ ಇರಲಿಲ್ಲ, ಅಂಗಾಲಿಗೇ ಗೊತ್ತಾಗಿತ್ತು. ಪಾಲಿಶ್‌ನ ಕೊನೆಗೆ ಹಾಕುವ ಪುಡಿಯೇ ಬೇರೆ, ಅದನ್ನೂ ಅಳತೆ ನೋಡಿ ಹಾಕಬೇಕು ಎಂದು ವಿವರಿಸಿದರು. ಈಗ ಮೆಷಿನ್‌ನಿಂದ ಒರಟು ಕಲ್ಲು, ಆಮೇಲೆ ನುಣುಪು ಕಲ್ಲು ಹಾಕಿ ಮೇಲಿನ ಪದರ ತಿಕ್ಕಿ ತೆಗೆಯಬೇಕಂತೆ. ಚದರಡಿಗೆ 60 ರೂಪಾಯಿಯಂತೆ 14,400. ಆಸಿಡ್ ನಿಂತು ಗುಂಡಿಬಿದ್ದ ಎರಡು ಪರ್ಸಿ ಬದಲಿಸಲು 2,200. ಅವರಿಂದ ಚೀಟಿ ಬರೆಸಿಕೊಂಡಿದ್ದೇನೆ.

ನೀವು ‘ಪರಿಶೀಲಿಸಿದವರು’ ಅನ್ನುವುದು ಯಾವುದನ್ನು ಎಂದು ನಿಮ್ಮ ಕಾಲ್ ಸೆಂಟರ್‌ನವರನ್ನು ಕೇಳಿದೆ. ಆಧಾರ್ ಮತ್ತು ಪೊಲೀಸ್ ಪರಿಶೀಲನೆ ಎಂದರು. ಅಂದರೆ ಬಂದವರು ಕಳ್ಳರಲ್ಲ ಅನ್ನುವುದಷ್ಟೇ ನಿಮ್ಮ ಖಾತ್ರಿ. ಕೆಲಸ ಬರುತ್ತದೋ ಇಲ್ಲವೋ ಯಾರೂ ನೋಡಿಲ್ಲ.

ನಾನು ಕೇಳುವುದು ಇಷ್ಟು. ಕಟ್ಟಿದ 32,568 ರೂಪಾಯಿ ವಾಪಸ್ ಕೊಡಿ. ನೆಲ ಸರಿಮಾಡಿಸುವ ಖರ್ಚು 16,600 ಕೊಡಿ. ಒಟ್ಟು 49,168, ಒಂದು ರೂಪಾಯಿ ಜಾಸ್ತಿ ಕೇಳುತ್ತಿಲ್ಲ. ರಿಪೇರಿಗೆ ಮತ್ತೆ ನಿಮ್ಮವರನ್ನು ಮಾತ್ರ ಕಳಿಸಬೇಡಿ. ಈ ನಷ್ಟವನ್ನು ಆ ಹುಡುಗರ ಸಂಬಳದಲ್ಲಿ ಹಿಡಿಯಲೂಬೇಡಿ.

ಈ ಪತ್ರ ಮುಟ್ಟಿದ 15 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಷರತ್ತುಗಳಲ್ಲಿ ‘ವ್ಯಾಜ್ಯವೆಲ್ಲ ಬೆಂಗಳೂರಿನಲ್ಲಿ’ ಎಂದು ಬರೆದಿರುವುದನ್ನು ನೋಡಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸವಿರುವ ಊರಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ನಾನು ನಿವೃತ್ತಳು, ಸಮಯ ಬೇಕಾದಷ್ಟಿದೆ.

ನೆಲ ನೋಡಲು ಯಾರನ್ನಾದರೂ ಕಳಿಸುವುದಾದರೆ ಮುಂಜಾನೆ ಹತ್ತರ ನಂತರ ಕಳಿಸಿ. ಅದಕ್ಕೆ ಮುಂಚೆ ನೆಲ ಒರೆಸಿ ಒದ್ದೆ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕಿ
ಸೇಡಂ ರಸ್ತೆ, ಕಲಬುರಗಿ

ಲಗತ್ತು: ಬಿಲ್ಲಿನ ಪ್ರತಿ, ನಾಲ್ಕು ಚಾಟ್ ದೂರುಗಳ ಪ್ರಿಂಟ್, ಗೌಂಡಿಯವರ ಖರ್ಚಿನ ಚೀಟಿ, ನೆಲದ ಫೋಟೋ (ಒಣಗಿದಾಗ ತೆಗೆದದ್ದು).