ಒಂದನ್ನೇ ಹಿಡಿ ಅನ್ನುವವರ ಮಾತು

ಪ್ರೀತಿಯ ತಮ್ಮ,

ಕತೆ ಓದಿದೆ. ನಿನ್ನ ನಾಯಕ ನಡುರಾತ್ರಿ ಅಂಗಳಕ್ಕೆ ಬಂದು ನೆತ್ತಿಯ ಮೇಲಿನ ಬಿದಿಗೆ ಚಂದ್ರನನ್ನು ನೋಡುತ್ತಾನೆ. ಬಿದಿಗೆ ಚಂದ್ರ ಸಂಜೆ ಪಡುವಣದಲ್ಲಿ ಕಂಡು, ರಾತ್ರಿ ಊಟದ ಹೊತ್ತಿಗೆಲ್ಲ ಮುಳುಗಿರುತ್ತಾನೆ. ನಡುರಾತ್ರಿ ನೆತ್ತಿಗೆ ಬರುವುದು ಹುಣ್ಣಿಮೆಯವನು. ಹೊಲಕ್ಕೆ ರಾತ್ರಿ ನೀರು ಕಟ್ಟಿದ ಓದುಗ ಅಲ್ಲಿಂದ ಮುಂದೆ ನಿನ್ನನ್ನು ನಂಬುವುದಿಲ್ಲ.

ನಕ್ಷತ್ರ, ಸಂಗೀತ, ಚಾರಣ ಅಂತ ಚದುರಿಹೋಗಬೇಡ, ಒಂದನ್ನೇ ಹಿಡಿ ಅಂತ ಎಲ್ಲರೂ ಬೈಯುತ್ತಾರೆ ಅಂದೆಯಲ್ಲ. ಅವರು ಜಿ.ಟಿ. ನಾರಾಯಣ ರಾಯರನ್ನು ಓದಿಲ್ಲ. 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜಿಟಿಎನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಎನ್‌ಸಿಸಿ ಅಧಿಕಾರಿಯಾಗಿ ಹುಡುಗರನ್ನು ಬೆಟ್ಟ ಹತ್ತಿಸಿದರು, ಕುದುರೆಮುಖದ ಚಾರಣವನ್ನು ಪುಸ್ತಕ ಮಾಡಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ವಿಜ್ಞಾನ ಸಂಪಾದಕರಾದರು. ಕರ್ನಾಟಕ ಸಂಗೀತದ ವಿಮರ್ಶೆಯನ್ನೂ ಬರೆದರು. ಇಷ್ಟರ ನಡುವೆ ಬಿಡದ ಹುಚ್ಚು ಆಕಾಶದ್ದು. ವೀಕ್ಷಣಾಲಯದ ನೌಕರಿಯೇನೂ ಇಲ್ಲದೆ, ಬರಿಗಣ್ಣಿನಲ್ಲಿ ನಕ್ಷತ್ರ ಗುರುತಿಸುವುದನ್ನು ಕನ್ನಡ ಓದುಗರಿಗೆ ಕಲಿಸಿದರು. 2008ರಲ್ಲಿ ತೀರಿಕೊಂಡರು. ಇದರಲ್ಲಿ ಯಾವುದನ್ನು ಬಿಡಬೇಕಿತ್ತು ಅಂತ ಆ ಬೈಯುವವರನ್ನೇ ಕೇಳು.

ಒಂದು ಮಾತು ಮಾತ್ರ. ಕತೆಗೆ ಬೇಕು ಅಂತ ಆಕಾಶ ನೋಡಲು ಹೋಗಬೇಡ. ಮಹಾವ್ಯಾಧ (ಒರಾಯನ್) ಅನ್ನುವ ಬೇಟೆಗಾರನ ಆಕಾರದ ನಕ್ಷತ್ರಪುಂಜದ ಹೆಗಲಲ್ಲಿ ಆರ್ದ್ರಾ ಅಂತ ಕೆಂಪು ನಕ್ಷತ್ರವಿದೆ. 2019ರ ಕೊನೆಗೆ ಅದು ಮಂಕಾಗತೊಡಗಿ, 2020ರ ಫೆಬ್ರವರಿಯಲ್ಲಿ ಹತ್ತಿರದ ರೋಹಿಣಿ ನಕ್ಷತ್ರಕ್ಕಿಂತಲೂ ಮಬ್ಬಾಯಿತು. ನಕ್ಷತ್ರ ತಾನೇ ಉಗುಳಿದ ಅನಿಲ ತಣಿದು, ಧೂಳಾಗಿ ನಮಗೆ ಅಡ್ಡ ಬಂದದ್ದೇ ಕಾರಣ ಅಂತ ಖಗೋಳಜ್ಞರು ಆಮೇಲೆ ವಿವರಿಸಿದರು. ನೋಡಲು ದೂರದರ್ಶಕ ಬೇಕಿರಲಿಲ್ಲ. ಆದರೆ ಆ ಚಳಿಗಾಲ ಮೊದಲ ಸಲ ತಲೆಯೆತ್ತಿದವನಿಗೆ ಅದೊಂದು ಸಾಧಾರಣ ಚುಕ್ಕೆ, ಅಷ್ಟೇ. ವರ್ಷಗಟ್ಟಲೆ ಯಾವ ಲಾಭವೂ ಇಲ್ಲದೆ ನೋಡಿಕೊಂಡು ಬಂದ ಹವ್ಯಾಸಿಗೆ ಮಾತ್ರ ಏನೋ ಎಡವಟ್ಟಾಗಿದೆ ಅನ್ನಿಸಿದ್ದು. ಮನುಷ್ಯರ ವಿಷಯದಲ್ಲೂ ಹಾಗೇ: ಅತ್ತಿಗೆ ದಿನಾ ಹೇಗೆ ಮಾತಾಡುತ್ತಾರೆ ಅಂತ ಗೊತ್ತಿಲ್ಲದಿದ್ದರೆ, ಅವರು ಸುಮ್ಮನಾದ ದಿನ ನಿನಗೆ ತಿಳಿಯುವುದೇ ಇಲ್ಲ. ನಿನ್ನ ಕತೆಯ ಅತ್ತಿಗೆ ಪಾತ್ರ ಸೊರಗಿರುವುದೂ ಇಲ್ಲೇ.

ಜಿಟಿಎನ್ ಪುಸ್ತಕ ಲೈಬ್ರರಿಯಲ್ಲಿ ಹುಡುಕಿ ಓದು. ಶೈಲಿ ಮಾತ್ರ ಎರವಲು ತರಬೇಡ. ಆ ಸಂಸ್ಕೃತ ಸಮಾಸಗಳು ನನಗೇ ಎಷ್ಟೋ ಕಡೆ ಭಾರ ಅನ್ನಿಸುತ್ತವೆ, ನಿನ್ನ ಮಂಡ್ಯದ ಕನ್ನಡಕ್ಕಂತೂ ಒಗ್ಗುವುದಿಲ್ಲ. ಅತ್ತಿಗೆಯ ಭಾಗ ತಿದ್ದಿ ಕಳಿಸು.

ಇಂತಿ,
ನಿನ್ನ ಅಣ್ಣ