ರಜೆಯ ಆದೇಶದಲ್ಲಿ ಗುರುವಾರ

ಮಾನ್ಯ ಸಂಪಾದಕರೇ,

ಶಾಲೆಯಲ್ಲಿ ಮಾಧ್ಯಮ ಸಾಕ್ಷರತೆ, ಅಂದರೆ ಬಂದ ಸುದ್ದಿ ನಿಜವೋ ಸುಳ್ಳೋ ಅಂತ ಪರೀಕ್ಷಿಸೋದನ್ನು, ಕಲಿಸಬೇಕು ಅಂತ ಈಚೆಗೆ ಎಲ್ಲರೂ ಹೇಳುತ್ತಿದ್ದಾರೆ. ಹೇಳುವವರೆಲ್ಲ ಕೇಳುವುದು ಹೊಸ ಪಠ್ಯಪುಸ್ತಕವನ್ನೇ. ನಾನು ಮಲೆನಾಡಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಪುಸ್ತಕ ಬಂದರೆ ಬರಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮಲ್ಲಿ ಈ ಪಾಠ ಶುರುವಾಗಿದ್ದು ಒಂದು ಸುಳ್ಳು ರಜೆಯಿಂದ.

2025ರ ಜುಲೈ. ಮೂರು ದಿನದಿಂದ ಒಂದೇ ಸಮನೆ ಮಳೆ. ರಾತ್ರಿ ಒಂಬತ್ತೂವರೆಗೆ ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಪಿಡಿಎಫ್ ಬಂತು. ಮೇಲೆ ಲಾಂಛನ, ಕೆಳಗೆ ಸಹಿ, ಮೊಹರು. ಭಾರಿ ಮಳೆಯ ಕಾರಣ ನಾಳೆ ಅಂಗನವಾಡಿ, ಶಾಲೆ, ಪಿಯು ಕಾಲೇಜುಗಳಿಗೆ ರಜೆ, ಜಿಲ್ಲಾಧಿಕಾರಿ ಆದೇಶ. ನಮ್ಮ ಕಡೆ ಮಳೆಗಾಲದಲ್ಲಿ ಇದು ಹೊಸದೇನಲ್ಲ, ಮಕ್ಕಳು ಇದಕ್ಕೇ ಕಾದು ಕೂತಿರುತ್ತಾರೆ. ಮಾರನೇ ದಿನ ನಮ್ಮ ಒಂಬತ್ತನೇ ಕ್ಲಾಸಿನ 34 ಮಕ್ಕಳಲ್ಲಿ ಬಂದವರು 11. ಬಿಸಿಯೂಟದ ಅನ್ನ ಪಾತ್ರೆಗಟ್ಟಲೆ ಮಿಕ್ಕಿತು. ಅಡುಗೆಯಮ್ಮ ನನ್ನ ಮೇಲೆ ರೇಗಿದರು, ರಜೆ ಕೊಟ್ಟಿದ್ದೇ ನಾನು ಅನ್ನೋ ಹಾಗೆ. ಅಂಥ ಆದೇಶವೇ ಇರಲಿಲ್ಲ ಅಂತ ಹೆಡ್ ಮಾಸ್ಟರಿಗೆ ಗೊತ್ತಾಗುವಷ್ಟರಲ್ಲಿ ಎರಡು ಪೀರಿಯಡ್ ಮುಗಿದಿತ್ತು.

ಸೋಮವಾರ ಆ ಪಿಡಿಎಫನ್ನು ಪ್ರಿಂಟ್ ತೆಗೆಸಿ ಬೋರ್ಡಿಗೆ ಅಂಟಿಸಿದೆ. ಇದು ಸುಳ್ಳು, ಹೇಗೆ ಸುಳ್ಳು ಅಂತ ಹೇಳಿದವರಿಗೆ ಇವತ್ತು ಹೋಂವರ್ಕ್ ಇಲ್ಲ ಅಂದೆ. ಹುಡುಗರು ಮೊಹರು ನೋಡಿದರು, ಸಹಿ ನೋಡಿದರು, ಕಾಗುಣಿತ ತಪ್ಪು ಹುಡುಕಿದರು. ಸಿಗಲಿಲ್ಲ. ಕೊನೆಗೆ ಹಿಂದಿನ ಬೆಂಚಿನ, ವರ್ಷಕ್ಕೆ ನಾಲ್ಕು ಮಾತೂ ಆಡದ ಒಬ್ಬಳು ಹುಡುಗಿ ಎದ್ದು, ‘ಸರ್, 25ನೇ ತಾರೀಖು ಶುಕ್ರವಾರ ಅಲ್ವಾ? ಇಲ್ಲಿ ಗುರುವಾರ ಅಂತಿದೆ’ ಅಂದಳು.

ಆಫೀಸಿನಿಂದ ಕ್ಯಾಲೆಂಡರ್ ತರಿಸಿದೆವು. ಹೌದು, ಶುಕ್ರವಾರ. ಹಾಗಾದರೆ ಗುರುವಾರ ಎಲ್ಲಿಂದ ಬಂತು? ಹಿಂದಿನ ವರ್ಷದ ಜುಲೈ 25 ಗುರುವಾರ. ಯಾರೋ ಹಳೇ ಆದೇಶ ತೆಗೆದುಕೊಂಡು 2024ರ ನಾಲ್ಕನ್ನು ಐದು ಮಾಡಿದ್ದಾರೆ, ವಾರ ಬದಲಿಸೋದು ಮರೆತಿದ್ದಾರೆ. ಕಣ್ಣು ಹತ್ತಿರ ಇಟ್ಟು ನೋಡಿದರೆ ಆ ಐದು ಪಕ್ಕದ ಅಂಕಿಗಳಿಗಿಂತ ಒಂಚೂರು ದಪ್ಪ ಇತ್ತು. 365 ದಿನ ಅಂದರೆ 52 ವಾರ, ಮೇಲೊಂದು ದಿನ, ಅದಕ್ಕೇ ಅದೇ ತಾರೀಖು ಮಾರನೇ ವರ್ಷ ಗುರುವಾರದಿಂದ ಶುಕ್ರವಾರಕ್ಕೆ ಹೋಗುತ್ತೆ ಅಂತ ಪಕ್ಕದ ಕ್ಲಾಸಿನಿಂದ ಗಣಿತದ ಮೇಷ್ಟ್ರು ಬಂದು ವಿವರಿಸಿದರು. ಅವರ ಪಾಠವನ್ನು ಮಕ್ಕಳು ಅಷ್ಟು ಬಾಯಿಬಿಟ್ಟುಕೊಂಡು ಕೇಳಿದ್ದು ನಾನಂತೂ ನೋಡಿರಲಿಲ್ಲ.

ಆಮೇಲೆ ಇನ್ನೊಂದು ಕೆಲಸ ಕೊಟ್ಟೆ. ನಿಮ್ಮ ಮನೆಗೆ ಇದು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು, ಕೇಳಿಕೊಂಡು ಬನ್ನಿ ಅಂತ. ಬೋರ್ಡಿನ ಮೇಲೆ ಮರದ ಹಾಗೆ ಬರೆಯುತ್ತಾ ಹೋದೆವು. ಹಾಲಿನ ಡೈರಿ ಗ್ರೂಪು, ಸ್ತ್ರೀಶಕ್ತಿ ಸಂಘದ ಗ್ರೂಪು, ಒಬ್ಬನ ಮಾವನದ್ದು, ಇನ್ನೊಬ್ಬಳ ಅಜ್ಜನದ್ದು. ಆ ಮರದಲ್ಲಿ ಒಂದು ದಪ್ಪ ಕೊಂಬೆ ನನ್ನದೇ ಇತ್ತು ಸ್ವಾಮಿ! ಪೋಷಕರ ಗ್ರೂಪಿಗೆ ಆ ಪಿಡಿಎಫ್ ಹಾಕಿದ್ದವನು ನಾನು. ಸುಮ್ನೆ ಹಾಕಿರಲಿಲ್ಲ, ಕೆಳಗೆ ‘ಇದು ನಿಜಾನಾ? ಯಾರಿಗಾದರೂ ಗೊತ್ತಾ?’ ಅಂತ ಕೇಳಿದ್ದೆ. ಆದರೆ ಮುಂದಕ್ಕೆ ಹೋಗಿದ್ದು ಪಿಡಿಎಫ್ ಮಾತ್ರ, ನನ್ನ ಪ್ರಶ್ನೆ ಅಲ್ಲೇ ಉಳಿಯಿತು. ಜೊತೆಗೆ ‘ಸರ್ ಹಾಕಿದ್ದಾರೆ’ ಅನ್ನೋ ಮಾತು ಬೇರೆ ಸೇರಿಕೊಂಡಿತ್ತು. ಮಕ್ಕಳು ನಕ್ಕರು. ನಗಲಿ ಬಿಡಿ.

ರಜೆಯಿಂದ ಹೋಗಿದ್ದು ಒಂದು ದಿನದ ಪಾಠ. ಅದೇ ವಾರ ನಾನು ಮಕ್ಕಳಿಗೆ ಬೀದರ್ ಕತೆ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ, ಆಗ ಅವರೆಲ್ಲ ಏಳೆಂಟು ವರ್ಷದವರು. 2018ರ ಜುಲೈ 13, ಔರಾದ್ ಕಡೆಯ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹೋಯಿತು, ಅವರ ಕಾರಿಗಿಂತ ಮುಂಚೆ ಸುದ್ದಿ ಮುರ್ಕಿ ತಲುಪಿತ್ತು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ರಾಜಸ್ಥಾನದ ಒಬ್ಬ ಹುಡುಗ ಇದೇ ಗಾಳಿಮಾತಿಗೆ ಸತ್ತಿದ್ದ.

ಆಗ ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದ ಒಂದು ವಿಡಿಯೊ ಇತ್ತು, ನೆನಪಿದೆಯಾ? ಬೈಕಿನಲ್ಲಿ ಬಂದವರು ಗಲ್ಲಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಮ್ಮ ದೇಶದ್ದೇ ಅಲ್ಲ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಎಚ್ಚರಿಸೋಕೆ ಮಾಡಿದ ಜಾಹೀರಾತು. ಪೂರ್ತಿ ನೋಡಿದರೆ ಬೈಕಿನವರು ವಾಪಸ್ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯ ಭಾಗ ಕತ್ತರಿಸಿ ಹಂಚಿದರು. ಅಂದರೆ ತೋರಿಸಿದ್ದರಲ್ಲಿ ಸುಳ್ಳು ಇರಲಿಲ್ಲ, ತೋರಿಸದೆ ಬಿಟ್ಟಿದ್ದರಲ್ಲಿತ್ತು. ಇದನ್ನು ಹೇಳಿದಾಗ ಕ್ಲಾಸು ತಣ್ಣಗಾಯಿತು. ಆಮೇಲೆ ಒಬ್ಬ ಕೇಳಿದ, ‘ಸರ್, ಮೊದಲು ಕಳಿಸಿದೋನಿಗೆ ಗೊತ್ತಿತ್ತಾ?’ ಗೊತ್ತಿಲ್ಲ ಮಾರಾಯ ಅಂದೆ.

ಪಕ್ಕದ ಕೇರಳದವರು ನಮಗಿಂತ ಮುಂಚೆ ಎಚ್ಚೆತ್ತರು. ಕಣ್ಣೂರಿನಲ್ಲಿ 2017ರ ದಡಾರ-ರುಬೆಲ್ಲಾ ಲಸಿಕೆ ಅಭಿಯಾನಕ್ಕೆ ವಾಟ್ಸ್‌ಆ್ಯಪ್ ಗಾಳಿಸುದ್ದಿ ಅಡ್ಡ ಬಂದು, ಎಷ್ಟೋ ತಂದೆತಾಯಿ ಮಕ್ಕಳಿಗೆ ಸೂಜಿ ಬೇಡ ಅಂದುಬಿಟ್ಟರು. ಮಾರನೇ ವರ್ಷ ಅಲ್ಲಿನ ಜಿಲ್ಲಾಧಿಕಾರಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಅಂತ ಒಂದು ಕಾರ್ಯಕ್ರಮ ಶುರು ಮಾಡಿ, ಸುಳ್ಳುಸುದ್ದಿ ಗುರುತಿಸೋದನ್ನು ಮಕ್ಕಳಿಗೆ ಕಲಿಸಿದರು. ನಮ್ಮಲ್ಲಿ 2025ರಲ್ಲಿ ಕಾನೂನಿನ ಕರಡು ಬಂತು, ಸುಳ್ಳುಸುದ್ದಿ ಹರಡಿದರೆ ಏಳು ವರ್ಷದವರೆಗೆ ಜೈಲು ಅಂತ. ಹಾಗಾದರೆ ನಮ್ಮ ಮರದ ಮೇಲಿದ್ದ ಅಜ್ಜ, ಮಾವ, ನಾನು, ಎಲ್ಲರನ್ನೂ ಒಂದೇ ವ್ಯಾನಿನಲ್ಲಿ ಕರೆದೊಯ್ಯಬೇಕಾಗುತ್ತೆ.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ, ಸರಿಯೇ. ಶಾಲೆಯ ಕಂಪ್ಯೂಟರುಗಳ ಬಗ್ಗೆ ಮಾತಾಡದಿರುವುದು ಒಳ್ಳೇದು. ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು, ಅಲ್ಲಿ ಎರಡು ಕಡ್ಡಿ ಬರುತ್ತೆ. ಹಾಗಾಗಿ ಮಳೆ ಬಿಟ್ಟ ದಿನ ಮಕ್ಕಳನ್ನು ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋಗಿ, ನನ್ನ ಫೋನಿನಲ್ಲೇ ಗೂಗಲ್ ಲೆನ್ಸ್ ತೆಗೆದು, ಒಂದು ಫೋಟೊ ಮೊದಲು ಎಲ್ಲೆಲ್ಲಿ ಬಂದಿತ್ತು ಅಂತ ಹುಡುಕೋದು ತೋರಿಸುತ್ತೇನೆ. ಎಐ ಚಿತ್ರ ಬಂದರೆ ಇದೂ ಕೈಕೊಡುತ್ತೆ. ಮೊದಲು ಅಂಥ ಚಿತ್ರದಲ್ಲಿ ಕೈಬೆರಳು ಹೆಚ್ಚುಕಡಿಮೆ ಇರುತ್ತಿತ್ತು, ಬೆರಳು ಎಣಿಸಿ ಕಂಡುಹಿಡಿಯೋ ಆ ಕಾಲ ಹೋಯಿತು.

ಅದಕ್ಕಿಂತ ದೊಡ್ಡ ಕಷ್ಟ ಮನೆಯಲ್ಲಿ. ‘ಅಜ್ಜ, ಇದು ಸುಳ್ಳು’ ಅಂತ ಹೇಳಿದ ಹುಡುಗನಿಗೆ ಎರಡು ಬಿತ್ತಂತೆ. ಈಗ ನಾವು ಕ್ಲಾಸಿನಲ್ಲಿ ಅದನ್ನೂ ಅಭ್ಯಾಸ ಮಾಡುತ್ತೇವೆ: ಸುಳ್ಳು ಅನ್ನಬೇಡಿ, ‘ಅಜ್ಜ, ಇದು ಯಾರು ಕಳಿಸಿದ್ದು, ಅವರಿಗೆ ಹೇಗೆ ಗೊತ್ತಂತೆ’ ಅಂತ ಕೇಳಿ. ಎಲ್ಲರ ಮನೆಯಲ್ಲೂ ನಡೆಯುತ್ತೆ ಅಂತಲ್ಲ, ಏಟಂತೂ ಕಡಿಮೆಯಾಗಿದೆ.

ಇನ್ನೊಂದು ನಾನು ಎಣಿಸಿರದೇ ಇದ್ದದ್ದು. ಆಗಸ್ಟಿನಲ್ಲಿ ನಿಜವಾದ ರಜೆ ಆದೇಶ ಬಂತು. ಆ ದಿನ ನಮ್ಮ ಇಬ್ಬರು ಹುಡುಗರು ಮೂರು ಕಿಲೋಮೀಟರ್ ದೂರದಿಂದ, ಹಳ್ಳ ಉಕ್ಕುತ್ತಿರುವಾಗ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಶಾಲೆಗೆ ಬಂದು ನಿಂತಿದ್ದರು. ಯಾಕ್ರೋ ಬಂದ್ರಿ ಅಂದರೆ, ‘ಎಲ್ಲಾ ಫೇಕ್ ಅಂತ ನೀವೇ ಹೇಳಿದ್ರಲ್ಲ ಸರ್.’ ನಾನು ಹಾಗೆ ಹೇಳಿರಲಿಲ್ಲ. ಆದರೆ ಅವರಿಗೆ ಕೇಳಿಸಿದ್ದು ಹಾಗೆ. ಹಳ್ಳದಲ್ಲಿ ಏನಾದರೂ ಆಗಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ. ಅವತ್ತಿನಿಂದ ಪಾಠ ಬದಲಾಯಿಸಿದೆ. ಸುಳ್ಳು ಹಿಡಿಯೋದು ಅರ್ಧ ಪೀರಿಯಡ್, ಉಳಿದ ಅರ್ಧ ನಿಜ ಎಲ್ಲಿ ಸಿಗುತ್ತೆ ಅನ್ನೋದು. ರಜೆ ಇದೆಯಾ ಅಂತ ಯಾರನ್ನು ಕೇಳಬೇಕು? ಹೆಡ್ ಮಾಸ್ಟರ ನಂಬರ್, ಜಿಲ್ಲಾಡಳಿತದ ಖಾತೆ, ಬೆಳಗಿನ ರೇಡಿಯೊ, ಪೇಪರು. ಈಗ ಮಕ್ಕಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದೆಲ್ಲ ಬರೆಸಿದ್ದೇನೆ. ಹೊಸ ಪಠ್ಯಪುಸ್ತಕ ಬರೆಯುವವರು ಈ ಎರಡನೇ ಅರ್ಧ ಬಿಟ್ಟರೆ ಪುಸ್ತಕ ಬರೆಯದೇ ಇರುವುದೇ ವಾಸಿ.

ಪೇಪರು ಅಂದೆನಲ್ಲ, ಈಗ ನಿಮ್ಮ ವಿಷಯ. ‘ಪೇಪರಲ್ಲಿ ಬಂದಿದ್ದೂ ಸುಳ್ಳಾಗಿರಬಹುದಾ ಸರ್?’ ಅಂತ ಮಕ್ಕಳು ಕೇಳುತ್ತಾರೆ. 2016ರಲ್ಲಿ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ ಅಂತ ಟಿವಿಗಳಲ್ಲೇ ಬಂದಿತ್ತು, ಅದನ್ನು ಹೇಳಿದೆ. ಪೇಪರಿನವರು ತಪ್ಪು ಮಾಡಿದರೆ ಮಾರನೇ ದಿನ ತಿದ್ದುಪಡಿ ಹಾಕುತ್ತಾರೆ, ವಾಟ್ಸ್‌ಆ್ಯಪ್‌ನವರು ಹಾಕಲ್ಲ, ಅದೇ ವ್ಯತ್ಯಾಸ ಅಂತಲೂ ಹೇಳಿದೆ. ಹಾಗಾದರೆ ತೋರಿಸಿ ಅಂದರು. ಗ್ರಂಥಾಲಯದಲ್ಲಿದ್ದ ಎರಡು ತಿಂಗಳ ನಿಮ್ಮ ಪತ್ರಿಕೆ ಹರಡಿಕೊಂಡು ಕೂತೆವು. ಸಿಕ್ಕಿದ್ದು ಒಂದೇ ಒಂದು ತಿದ್ದುಪಡಿ, ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ, ಬೆರಳಿನ ಉಗುರಿನಷ್ಟು. ಎರಡು ತಿಂಗಳಲ್ಲಿ ಒಂದೇ ತಪ್ಪಾ ಅಂತ ಮಕ್ಕಳು ಕೇಳಿದಾಗ ನಾನು ಬಾಯಿ ಮುಚ್ಚಿಕೊಂಡೆ.

ನಿಮ್ಮ ಹತ್ತಿರ ಹಳೇ ತಿದ್ದುಪಡಿಗಳು ಇದ್ದೇ ಇರುತ್ತವೆ. ಮೂಲ ಸುದ್ದಿ ಮತ್ತು ತಿದ್ದುಪಡಿ, ಎರಡೂ ಇರುವ ಹಾಗೆ ಒಂದು ಹತ್ತು ಜೊತೆ ಕತ್ತರಿಸಿ ಕಳಿಸಿಕೊಡಿ. ವಿಳಾಸ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಅದನ್ನು ಪತ್ರಿಕೆಯಲ್ಲಿ ಹಾಕಬೇಡಿ. ಟಪಾಲು ನಮ್ಮೂರಿಗೆ ಮಧ್ಯಾಹ್ನದ ಬಸ್ಸಿಗೆ ಬರುತ್ತೆ.

ಇಂತಿ,
ಒಬ್ಬ ಹೈಸ್ಕೂಲು ಮೇಷ್ಟ್ರು